ಅಮೋಘವರ್ಷನ ಕಾಲದ ಒಂದು ಅಂಕಮಾಲೆ

ರಾಜ್ಯೋತ್ಸವದ ದಿನಗಳಲ್ಲಿ ನೃಪತುಂಗನ ಹೆಸರು ಕೇಳಿಬರದ ಸಭೆ ಅಪರೂಪ. ಹೊರನಾಡಿನಲ್ಲಿ ನೆಲಸಿರುವ ನಮ್ಮಂಥವರ ಸಭೆಗಳಲ್ಲಂತೂ ಅದು ಬಂದೇ ಬರುತ್ತದೆ. ‘ಕವಿರಾಜಮಾರ್ಗ’ದ ಮಾತು ಆಗುತ್ತದೆ, ಅದರಲ್ಲಿ ಹೇಳಿರುವ ನಾಡಿನ ಎಲ್ಲೆಯ ಮಾತು ಆಗುತ್ತದೆ, ಚಪ್ಪಾಳೆ ಬೀಳುತ್ತದೆ, ಆಮೇಲೆ ಉಪಾಹಾರ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ದೊರೆಯ ಆಳ್ವಿಕೆಯಲ್ಲಿ, ಅದೇ ದೊರೆಯನ್ನು ಮೊದಲಲ್ಲಿ ಕೊಂಡಾಡುವ ಇನ್ನೊಂದು ಗ್ರಂಥವೂ ಹುಟ್ಟಿತೆಂಬುದು ನಮಗೆ ನೆನಪಾಗುವುದು ಕಡಿಮೆ. ಅದು ಕಾವ್ಯವಲ್ಲ, ಲಕ್ಷಣಗ್ರಂಥವಲ್ಲ, ಲೆಕ್ಕದ ಪುಸ್ತಕ. ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’. ಕಾಲ ಸುಮಾರು ಕ್ರಿ. ಶ. ೮೫೦.

ಬ್ಯಾಂಕಿನಲ್ಲಿ ದಿನವೆಲ್ಲ ಅಂಕಿಗಳ ಮುಂದೆ ಕುಳಿತಿರುವ ನನ್ನಂಥವನು ಸಾಹಿತ್ಯವಿಮರ್ಶೆಗೆ ಕೈಹಾಕಿದರೆ ಅದು ಅಧಿಕಪ್ರಸಂಗವಾದೀತು. ಲೆಕ್ಕದ ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆದರೆ ವಾಚಕರು ಮನ್ನಿಸುವರೆಂದು ನಂಬಿದ್ದೇನೆ. ಇಡೀ ಪುಸ್ತಕದ ಬಗ್ಗೆಯೂ ಅಲ್ಲ. ಮುಖ್ಯವಾಗಿ ಅದರಲ್ಲಿ ಬರುವ ಒಂದೇ ಒಂದು ಸಂಖ್ಯೆಯ ಬಗ್ಗೆ. ಆ ಸಂಖ್ಯೆ ಇದು:

೧೨೩೪೫೬೫೪೩೨೧

ಇದನ್ನು ಎಡದಿಂದ ಓದಿ, ಬಲದಿಂದ ಓದಿ. ಎರಡೂ ಒಂದೇ. ಒಂದರಿಂದ ಮೆಟ್ಟಿಲು ಮೆಟ್ಟಿಲಾಗಿ ಆರರವರೆಗೆ ಏರಿ, ಅದೇ ಮೆಟ್ಟಿಲುಗಳಲ್ಲಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಮಹಾವೀರನೂ ಇದನ್ನು ಹೆಚ್ಚುಕಡಿಮೆ ಹೀಗೆಯೇ ಬಣ್ಣಿಸಿದ್ದಾನೆ: ಒಂದು ಮೊದಲಾಗಿ ಆರರಲ್ಲಿ ಕೊನೆಗೊಂಡು, ಬಳಿಕ ಕ್ರಮವಾಗಿ ಕಡಮೆಯಾಗುತ್ತ ಹೋಗುವ ಸಂಖ್ಯೆ ಎಂದು. ಹನ್ನೊಂದು ಅಂಕಿಗಳ ಸಂಖ್ಯೆಯನ್ನು ಇಷ್ಟು ಚುಟುಕಾಗಿ, ತಪ್ಪಿಗೆ ಎಡೆಯಿಲ್ಲದಂತೆ ಹೇಳುವುದು ಸಾಮಾನ್ಯವಲ್ಲ.

ಈಗಿನ ನಮ್ಮ ಪದ್ಧತಿಯಲ್ಲಿ ಇದು ೧೨೩೪ ಕೋಟಿ ೫೬ ಲಕ್ಷದ ೫೪ ಸಾವಿರದ ೩೨೧. ಇಷ್ಟು ದೊಡ್ಡ ಮೊತ್ತ ನನ್ನ ಮೇಜಿಗಂತೂ ಬರುವುದಿಲ್ಲ. ಪಾಶ್ಚಾತ್ಯ ಪದ್ಧತಿಯಂತೆ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿದರೆ ೧೨ ಬಿಲಿಯನ್ ೩೪೫ ಮಿಲಿಯನ್ ಎಂದು ಮೊದಲಾಗುತ್ತದೆ. ಮಹಾವೀರನಿಗೆ ಇಂಥ ಗುಂಪುಗಳ ಅಗತ್ಯವೇ ಇರಲಿಲ್ಲ. ಅವನು ತನ್ನ ಪುಸ್ತಕದ ಮೊದಲಲ್ಲಿಯೇ ಇಪ್ಪತ್ತನಾಲ್ಕು ಸ್ಥಾನಗಳಿಗೆ ಒಂದೊಂದು ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ ಇವು ಹತ್ತು. ಹನ್ನೊಂದನೆಯದು ಅರ್ಬುದ. ಆಮೇಲೆ ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ ಎಂದು ಏರುತ್ತ, ಇಪ್ಪತ್ತನಾಲ್ಕನೆಯದಾದ ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ಮಹಾಕ್ಷೋಭವೆಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ಹೆಸರೇ ಹೇಳುವಂತೆ, ಅಷ್ಟು ಹೊತ್ತಿಗೆ ಯಾರಿಗಾದರೂ ಮನಸ್ಸು ಕ್ಷೋಭೆಗೊಳ್ಳಬೇಕಾದ್ದೇ! ಈ ಲೆಕ್ಕದಲ್ಲಿ ನಮ್ಮ ಸಂಖ್ಯೆ ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮಕ್ಕಳಿಗೆ ಇದು ಮಗ್ಗಿಗಿಂತ ಹಿಡಿಸುತ್ತದೆ.

ಪುಸ್ತಕದ ಸ್ವರೂಪವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದರಲ್ಲಿ ಒಂಬತ್ತು ಅಧ್ಯಾಯಗಳಿವೆ; ಸಾವಿರಕ್ಕೂ ಮಿಗಿಲಾದ ಶ್ಲೋಕಗಳು. ಗುಣಾಕಾರ, ಭಾಗಾಕಾರ, ವರ್ಗ, ಘನ, ಭಿನ್ನರಾಶಿ, ತ್ರೈರಾಶಿಕ, ಹೊಲಗದ್ದೆಗಳ ಅಳತೆ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಎಲ್ಲವೂ ಇವೆ. ಬಡ್ಡಿಯ ಲೆಕ್ಕವೂ ಇದೆ. ‘ಮಿಶ್ರಕ ವ್ಯವಹಾರ’ ಎಂಬ ಅಧ್ಯಾಯದಲ್ಲಿ ಅಸಲು ಬಡ್ಡಿ ಎರಡೂ ಕೂಡಿಹೋದ ಮೊತ್ತವನ್ನು ಕೊಟ್ಟು, ಅವನ್ನು ಬೇರೆ ಬೇರೆ ಮಾಡೆನ್ನುತ್ತಾನೆ. ಬಿ. ಕಾಂ. ಪರೀಕ್ಷೆಗೆ ನಾವು ಬೆವರು ಸುರಿಸಿ ಕಲಿತ ಲೆಕ್ಕಗಳ ಅಜ್ಜ ಮುತ್ತಜ್ಜಂದಿರು ಅಲ್ಲಿ ಕುಳಿತಿದ್ದಾರೆ. ಲೆಕ್ಕವು ವ್ಯಾಪಾರಿಗೆ ಮಾತ್ರ ಬೇಕಾದುದಲ್ಲ, ಸಂಗೀತ ನಾಟ್ಯಗಳಿಗೂ ವೈದ್ಯಕ್ಕೂ ಅಡಿಗೆಗೂ ಕಟ್ಟಡದ ಕೆಲಸಕ್ಕೂ ಬೇಕು ಎಂದು ಅವನು ಆರಂಭದಲ್ಲಿಯೇ ಹೇಳುತ್ತಾನೆ. ಅಡಿಗೆಯನ್ನು ಮರೆಯದ ಗಣಿತಜ್ಞ!

ಇನ್ನು ನಮ್ಮ ಸಂಖ್ಯೆಗೆ ಬರೋಣ. ಅದು ಗುಣಾಕಾರದ ಭಾಗಕ್ಕೆ ಸೇರಿದ್ದು. ಜಿನಾಲಯವೊಂದಕ್ಕೆ ಇಷ್ಟು ರತ್ನಗಳಂತೆ ಇಷ್ಟು ಜಿನಾಲಯಗಳಿಗೆ ಎಷ್ಟು ಎಂಬಂಥ ಸರಳ ಲೆಕ್ಕಗಳಿಂದ ಮೊದಲುಮಾಡಿ, ಸ್ವಲ್ಪ ಹೊತ್ತಿನಲ್ಲಿಯೇ ಮಹಾವೀರನು ಒಂದು ಚಮತ್ಕಾರಕ್ಕೆ ತೊಡಗುತ್ತಾನೆ. ಗುಣಿಸಬೇಕಾದ ಸಂಖ್ಯೆಗಳನ್ನು ನೋಡಿದರೆ ಯಾವ ಅಂದವೂ ಕಾಣದು. ಗುಣಲಬ್ಧ ಮಾತ್ರ ಸರದಂತೆ ಹೊರಬರುತ್ತದೆ. ಇಂಥವಕ್ಕೆ ಅವನು ‘ರಾಜಕಂಠಿಕೆ’ ಮೊದಲಾದ ಆಭರಣದ ಹೆಸರುಗಳನ್ನೇ ಕೊಟ್ಟಿದ್ದಾನೆ. ಕೆಲವನ್ನು ಇಲ್ಲಿ ಬರೆದಿದ್ದೇನೆ:

೧೩೯ × ೧೦೯ = ೧೫೧೫೧
೧೫೨೨೦೭ × ೭೩ = ೧೧೧೧೧೧೧೧
೧೪೨೮೫೭೧೪೩ × ೭ = ೧೦೦೦೦೦೦೦೦೧
೧೨೩೪೫೬೭೯ × ೯ = ೧೧೧೧೧೧೧೧೧
೧೧೦೧೧೦೧೧ × ೯೧ = ೧೦೦೨೦೦೨೦೦೧
೨೭೯೯೪೬೮೧ × ೪೪೧ = ೧೨೩೪೫೬೫೪೩೨೧

ಕೊನೆಯದೇ ನಮ್ಮದು. ಇದನ್ನು ನಾನು ಮೊದಲು ಕಂಡಾಗ ಇದೊಂದು ಆಕಸ್ಮಿಕವೋ ಅಲ್ಲವೋ ಎಂಬ ಸಂದೇಹ ಬಂತು. ಯಾವನೋ ಲೆಕ್ಕ ಮಾಡುತ್ತ ಕುಳಿತವನಿಗೆ ಒಂದು ದಿನ ಇಂಥ ಉತ್ತರ ಬಂದಿರಬಹುದು, ಅವನು ಸಂತೋಷಪಟ್ಟು ಬರೆದಿಟ್ಟಿರಬಹುದು ಎಂದು ವಾದಿಸಬಹುದಲ್ಲವೆ? ಲೆಕ್ಕಪರಿಶೋಧಕರು ಮಾಡುವಂತೆ ಉತ್ತರದಿಂದ ಹಿಂದಕ್ಕೆ ನಡೆದು ನೋಡಿದರೆ ಆ ವಾದ ನಿಲ್ಲುವುದಿಲ್ಲ.

ಗುಣಕವಾದ ೪೪೧ ಎಂಬುದು ೨೧ರ ವರ್ಗ. ಇದು ಎಲ್ಲರಿಗೂ ಗೊತ್ತು. ಆದರೆ ೨೭೯೯೪೬೮೧? ಅದೂ ಒಂದು ವರ್ಗವೇ, ೫೨೯೧ರ ವರ್ಗ. ಈಗ ೫೨೯೧ನ್ನು ೨೧ರಿಂದ ಗುಣಿಸಿ. ಬರುವುದು ೧೧೧೧೧೧. ಆರು ಒಂದುಗಳು! ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ, ೧೧೧೧೧೧ × ೧೧೧೧೧೧. ಅದನ್ನು ಹಾಗೆಯೇ ಕೇಳಿದ್ದರೆ ಶಿಷ್ಯನಿಗೆ ಗುಟ್ಟು ಕೂಡಲೆ ತಿಳಿದುಬಿಡುತ್ತಿತ್ತು. ಆದುದರಿಂದ ಲೆಕ್ಕ ಹೆಣೆದವನು ೧೧೧೧೧೧ನ್ನು ಒಡೆದು, ಒಂದು ಕಡೆ ೨೧, ಇನ್ನೊಂದು ಕಡೆ ೫೨೯೧ ಇಟ್ಟು, ಎರಡನ್ನೂ ಬೇರೆ ಬೇರೆಯಾಗಿ ವರ್ಗಮಾಡಿ, ಮುಖ ಮರೆಸಿ ಶಿಷ್ಯನ ಮುಂದಿಟ್ಟ. ಹೀಗೆ ಮಾಡಿದೆನೆಂದು ಮಹಾವೀರನು ಹೇಳುವುದಿಲ್ಲ. ಆದರೆ ಎರಡು ಸಂಖ್ಯೆಗಳೂ ವರ್ಗಗಳಾಗಿರುವುದು, ಎರಡರ ಮೂಲಗಳ ಗುಣಲಬ್ಧ ಒಂದುಗಳ ಸಾಲಾಗಿರುವುದು ಸುಮ್ಮನೆ ಆಗುವಂಥದಲ್ಲ. ಮಾಲೆಯನ್ನು ಮೊದಲು ಕಟ್ಟಿ ಬಳಿಕ ಬಿಚ್ಚಿದ್ದಾರೆ. ಬಿಚ್ಚಿದ ಹೂಗಳನ್ನು ನಮ್ಮ ಕೈಗೆ ಕೊಟ್ಟು ಮತ್ತೆ ಕಟ್ಟೆಂದಿದ್ದಾರೆ. ಇದು ನನ್ನ ತೀರ್ಮಾನ. ಅಂಕಿಗಳೇ ಇದಕ್ಕೆ ಸಾಕ್ಷಿ.

ಆರು ಒಂದುಗಳ ವರ್ಗವೇಕೆ ಏರಿ ಇಳಿಯಬೇಕು? ಶಾಲೆಯಲ್ಲಿ ಕಲಿತಂತೆ ಕಾಗದದ ಮೇಲೆ ಗುಣಾಕಾರ ಮಾಡಿದರೆ ಕಣ್ಣಿಗೇ ಕಾಣುತ್ತದೆ. ೧೧೧೧೧೧ ಎಂದು ಒಂದು ಸಾಲು ಬರೆಯಿರಿ. ಅದರ ಕೆಳಗೆ ಒಂದು ಸ್ಥಾನ ಎಡಕ್ಕೆ ಸರಿಸಿ ಮತ್ತೆ ಅದೇ ಸಾಲು. ಹೀಗೆ ಆರು ಸಾಲು. ಈಗ ಬಲದಿಂದ ಕೂಡುತ್ತ ಬನ್ನಿ. ಮೊದಲ ಕಂಬದಲ್ಲಿ ಒಂದೇ ಒಂದು ಅಂಕಿ, ಎರಡನೆಯದರಲ್ಲಿ ಎರಡು, ನಡುವಿನ ಕಂಬದಲ್ಲಿ ಆರು. ಆಮೇಲೆ ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು. ಎಲ್ಲಿಯೂ ದಶಕ ಹೊರಬೇಕಾಗಿಲ್ಲ. ಅಷ್ಟೇ ಗುಟ್ಟು. ಅಂಕಿಗಳ ಮೊತ್ತವನ್ನು ಕೂಡಿ ನೋಡಿದರೆ ೩೬ ಬರುತ್ತದೆ. ಆರು ಸಾಲು, ಸಾಲಿಗೆ ಆರು ಒಂದು, ಒಟ್ಟು ಮೂವತ್ತಾರು ಒಂದುಗಳು. ಒಂದೂ ಕಳೆದುಹೋಗಿಲ್ಲ.

ಇದೇ ಚಮತ್ಕಾರ ಒಂಬತ್ತು ಒಂದುಗಳವರೆಗೆ ನಡೆಯುತ್ತದೆ. ಅಲ್ಲಿ ಗುಣಲಬ್ಧ ೧೨೩೪೫೬೭೮೯೮೭೬೫೪೩೨೧. ಹತ್ತನೆಯ ಒಂದನ್ನು ಸೇರಿಸಿದಿರೋ, ನಡುವಿನ ಕಂಬ ಹತ್ತಾಗಿ, ದಶಕ ಎಡಕ್ಕೆ ಹೋಗಿ, ಮಾಲೆ ಹರಿಯುತ್ತದೆ: ೧೨೩೪೫೬೭೯೦೦೯೮೭೬೫೪೩೨೧. ನಮ್ಮ ಎಣಿಕೆ ಹತ್ತರ ಮೇಲೆ ನಿಂತಿರುವುದರಿಂದ ಬಂದ ಎಲ್ಲೆ ಅದು. ಸ್ಥಾನಕ್ಕೊಂದು ಬೆಲೆ, ಹತ್ತು ಹತ್ತರಂತೆ ಏರುವ ಬೆಲೆ ಎಂಬ ಪದ್ಧತಿಯಿಲ್ಲದೆ ಇಂಥ ಮಾಲೆ ಕಟ್ಟಲಾಗದು. ರೋಮನರ ಅಕ್ಷರಾಂಕಗಳಲ್ಲಿ ಈ ಸಂಖ್ಯೆಯನ್ನು ಬರೆದರೆ ಏರಿಕೆಯೂ ಕಾಣದು, ಇಳಿಕೆಯೂ ಕಾಣದು.

ಮತ್ತೊಂದು ದಾರಿಯಲ್ಲಿಯೂ ಇದನ್ನು ಬಿಚ್ಚಬಹುದು, ನನಗೆ ಅದೇ ಹೆಚ್ಚು ಪ್ರಿಯ. ೧೧೧೧೧೧ ಎಂದರೆ ೧೧೧ನ್ನು ಎರಡು ಸಲ ಬರೆದಂತೆ. ಅಂದರೆ ೧೧೧ × ೧೦೦೧. ಈ ಸಾವಿರದೊಂದು ಬಹಳ ವಿನೋದದ ಸಂಖ್ಯೆ. ೭, ೧೧, ೧೩ ಈ ಮೂರನ್ನೂ ಗುಣಿಸಿದರೆ ೧೦೦೧. ಮಕ್ಕಳಿಗೆ ಯಾವುದಾದರೂ ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಒತ್ತಿಗೆ ಬರೆಯಲು ಹೇಳಿ, ೩೬೫೩೬೫ ಎಂದಿಟ್ಟುಕೊಳ್ಳಿ. ಅದನ್ನು ಏಳರಿಂದ ಭಾಗಿಸಲಿ, ಬಂದದ್ದನ್ನು ಹನ್ನೊಂದರಿಂದ, ಅದನ್ನು ಹದಿಮೂರರಿಂದ. ಶೇಷವಿಲ್ಲದೆ ಮತ್ತೆ ೩೬೫ ಬಂದು ನಿಲ್ಲುತ್ತದೆ. ಮಹಾವೀರನ ಇನ್ನೊಂದು ಸರದಲ್ಲಿಯೂ, ಎಂದರೆ ೧೧೦೧೧೦೧೧ × ೯೧ ಎಂಬುದರಲ್ಲಿಯೂ, ಇದೇ ೧೦೦೧ ಅಡಗಿದೆ. ೯೧ ಎಂದರೆ ೭ × ೧೩. ಉಳಿದ ಹನ್ನೊಂದು ೧೧೦೧೧೦೧೧ರ ಒಳಗೆ ಕುಳಿತಿದೆ. ಎಂಟು ಒಂದುಗಳ ಸರದಲ್ಲಿಯೂ ಇಂಥದೇ ಒಂದು ಕೀಲಿಯುಂಟು: ೭೩ × ೧೩೭ = ೧೦೦೦೧. ಹೀಗೆ ಒಂದೊಂದನ್ನೂ ತೆರೆದು ನೋಡಿದರೆ ಈ ಸರಗಳು ಚೆಲ್ಲಾಪಿಲ್ಲಿಯಾಗಿ ಸಿಕ್ಕವಲ್ಲ, ಒಂದೇ ಕಸಬಿನ ಕೈಯಿಂದ ಬಂದವು ಎಂಬುದು ಸ್ಪಷ್ಟವಾಗುತ್ತದೆ.

೧೧೧ನ್ನೂ ಒಡೆದರೆ ೩ × ೩೭. ಆಗ ೧೨೩೪೫೬೫೪೩೨೧ ಎಂಬುದು ೩, ೭, ೧೧, ೧೩, ೩೭ ಈ ಐದು ಅವಿಭಾಜ್ಯ ಸಂಖ್ಯೆಗಳ ವರ್ಗಗಳ ಗುಣಲಬ್ಧ. ಇದನ್ನು ಶೇಷವಿಲ್ಲದೆ ಭಾಗಿಸಬಲ್ಲ ಸಂಖ್ಯೆಗಳು ಒಟ್ಟು ೨೪೩. ಗಣಿತ ಬಲ್ಲವರಿಗೆ ಇದು ಹೇಳಬೇಕಾದ ಮಾತಲ್ಲ. ಉಳಿದವರು ಲೆಕ್ಕ ನನ್ನದೆಂದು ನಂಬಿದರೆ ಸಾಕು.

ಈಗ ಚರಿತ್ರೆಯ ಭಾಗ. ಹಿಂದಿನವರು ಶಾಸ್ತ್ರಗ್ರಂಥಗಳನ್ನು ಶ್ಲೋಕಗಳಲ್ಲಿ ಬರೆಯುತ್ತಿದ್ದರಷ್ಟೆ. ಶ್ಲೋಕದಲ್ಲಿ ಅಂಕಿಗಳಿಗೆ ಜಾಗವಿಲ್ಲ. ಆದುದರಿಂದ ಅಂಕಿಗಳಿಗೆ ಬದಲು ಪದಾರ್ಥಗಳ ಹೆಸರನ್ನು ಹೇಳುವ ರೂಢಿ ಬೆಳೆಯಿತು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು, ಸಾಗರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು. ಜೈನರಿಗೆ ರತ್ನವೆಂದರೂ ಮೂರೇ. ದರ್ಶನ, ಜ್ಞಾನ, ಚಾರಿತ್ರಗಳೆಂಬ ರತ್ನತ್ರಯದಿಂದ ಬಂದ ಎಣಿಕೆ. ಈ ಹೆಸರುಗಳನ್ನು ಏಕಸ್ಥಾನದಿಂದ ಹಿಡಿದು ಎಡಕ್ಕೆ ಓದಬೇಕು. ಹೊಸಬರು ಬಲಕ್ಕೆ ಓದಿ ಲೆಕ್ಕವನ್ನು ತಲೆಕೆಳಗು ಮಾಡುವ ಭಯ ಇದ್ದೇ ಇತ್ತು. ನಮ್ಮ ಅಂಕಮಾಲೆಗೆ ಮಾತ್ರ ಆ ಭಯವಿಲ್ಲ! ಯಾವ ಕಡೆಯಿಂದ ಓದಿದರೂ ಅದು ಅದೇ.

ಇನ್ನೊಂದು ಅನುಕೂಲವೂ ಇದೆ. ಬ್ಯಾಂಕಿನವರಿಗೆ ಒಂದು ಹಳೆಯ ಉಪಾಯ ಗೊತ್ತು. ಎರಡು ಮೊತ್ತಗಳು ತಾಳೆಯಾಗದೆ, ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಯಾರೋ ಎರಡು ಅಂಕಿಗಳನ್ನು ಅದಲುಬದಲು ಬರೆದಿರಬಹುದೆಂದು ಮೊದಲು ಶಂಕಿಸುತ್ತಾರೆ. ೪೫ಕ್ಕೆ ೫೪ ಎಂದಂತೆ. ಲೆಡ್ಜರುಗಳು ಹೋಗಿ ಕಂಪ್ಯೂಟರು ಬಂದ ಮೇಲೆ ಈ ಉಪಾಯದ ಬಳಕೆ ಕಡಮೆಯಾಯಿತು. ಓಲೆಗರಿಯ ಮೇಲೆ ಕಂಟದಿಂದ ಕೊರೆಯುತ್ತಿದ್ದ ಲಿಪಿಕಾರನಿಗೆ ಯಾವ ಉಪಾಯವಿತ್ತು? ಕಾವ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಛಂದಸ್ಸು ಕುಂಟುತ್ತದೆ, ಅರ್ಥ ಎಡವುತ್ತದೆ; ಓದುವವನು ತಿದ್ದಿಕೊಳ್ಳಬಲ್ಲ. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಹೇಳುವವರು ಯಾರು? ಆದರೆ ಈ ಮಾಲೆಯಲ್ಲಿ ಒಂದು ಅಂಕಿ ತಪ್ಪಿದರೂ ಎಡಬಲಗಳು ಹೊಂದುವುದಿಲ್ಲ. ನಟ್ಟನಡುವಿನ ಆರು ತಪ್ಪಿದರೆ ಮೆಟ್ಟಿಲು ಮುರಿಯುತ್ತದೆ. ಸಂಖ್ಯೆ ತನ್ನ ತಪ್ಪನ್ನು ತಾನೇ ಹೇಳುತ್ತದೆ. ಇದು ಮಹಾವೀರನ ಉದ್ದೇಶವಾಗಿತ್ತೆಂದು ನಾನು ವಾದಿಸಲಾರೆ. ಸಾವಿರಕ್ಕೂ ಹೆಚ್ಚು ವರ್ಷ ಕೈಯಿಂದ ಕೈಗೆ ಬಂದ ಪುಸ್ತಕಕ್ಕೆ ಅದು ಒದಗಿದ ಉಪಕಾರ ಮಾತ್ರ ನಿಜ.

ಆ ಪುಸ್ತಕ ನಮ್ಮ ಕೈಗೆ ಬಂದ ಬಗೆ ಚೆನ್ನೈಯಲ್ಲಿರುವ ಕನ್ನಡಿಗರು ಅಗತ್ಯವಾಗಿ ತಿಳಿಯಬೇಕಾದದ್ದು. ಏಕೆಂದರೆ ಅದು ಮೊದಲು ಅಚ್ಚಾದದ್ದು ಇದೇ ಊರಿನಲ್ಲಿ, ೧೯೧೨ರಲ್ಲಿ, ಆಗಿನ ಮದರಾಸು ಸರ್ಕಾರದ ಮುದ್ರಣಾಲಯದಲ್ಲಿ. ಮರೀನಾ ತೀರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಸರ್ಕಾರದ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮೇಲ್ವಿಚಾರಕರೂ ಆಗಿದ್ದರು. ಹಿಂದೂ ಗಣಿತದ ಚರಿತ್ರೆಗೆ ಹೊಸ ಬೆಳಕು ಬೀರುವ ಗ್ರಂಥವೇನಾದರೂ ಭಂಡಾರದಲ್ಲಿದೆಯೇ ನೋಡಿ ಎಂದು ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಜಿ. ಎಚ್. ಸ್ಟುವರ್ಟ್ ಅವರನ್ನು ಕೇಳಿದರು. ಹುಡುಕಿದಾಗ ‘ಗಣಿತಸಾರಸಂಗ್ರಹ’ದ ಮೂರು ಪ್ರತಿಗಳು ಸಿಕ್ಕವು. ಮೂರೂ ಅಪೂರ್ಣ. ಒಂದು ಕಾಗದದ ಮೇಲೆ ಗ್ರಂಥ ಲಿಪಿಯಲ್ಲಿ ಬರೆದದ್ದು. ಅದರಲ್ಲಿ ಮೊದಲ ಐದು ಅಧ್ಯಾಯಗಳು, ಜತೆಗೆ ಸಂಸ್ಕೃತ ವ್ಯಾಖ್ಯಾನ. ಉಳಿದೆರಡು ಓಲೆಗರಿ, ಕನ್ನಡ ಲಿಪಿ. ಒಂದರಲ್ಲಿ ಅದೇ ಐದು ಅಧ್ಯಾಯಗಳು, ಇನ್ನೊಂದರಲ್ಲಿ ಏಳನೆಯದು ಮಾತ್ರ. ನಮ್ಮ ಬಡ್ಡಿಯ ಅಧ್ಯಾಯ ಆರನೆಯದು. ಅದು ಮದರಾಸಿನಲ್ಲಿ ಇರಲೇ ಇಲ್ಲ.

ಆ ಕನ್ನಡ ಓಲೆಗಳಲ್ಲಿ ಒಂದು ವಿಶೇಷವಿತ್ತು. ಸಂಸ್ಕೃತ ಶ್ಲೋಕವನ್ನು ಬರೆದು, ಆ ಲೆಕ್ಕದಲ್ಲಿ ಬರುವ ಅಂಕಿಗಳು ಯಾವುವು, ಉತ್ತರವೇನು ಎಂಬುದನ್ನು ಚಿಕ್ಕದಾಗಿ ಕನ್ನಡದಲ್ಲಿ ಬರೆದಿದ್ದರು. ಯಾರು ಬರೆದರೋ, ಯಾವ ಶಿಷ್ಯನಿಗಾಗಿ ಬರೆದರೋ. ಚಂದ್ರ, ಕಣ್ಣು, ಅಗ್ನಿ ಎಂದು ಶ್ಲೋಕ ಹೇಳಿದ್ದನ್ನು ಓದುವವನ ಅನುಕೂಲಕ್ಕೆಂದು ಅಂಕಿಗೆ ಇಳಿಸಿದ ಆ ಅಜ್ಞಾತ ಮೇಷ್ಟರ ಮೇಲೆ ನನಗೆ, ಗುಮಾಸ್ತನಾದ ಕಾರಣಕ್ಕೋ ಏನೋ, ವಿಶೇಷ ಗೌರವ. ರಂಗಾಚಾರ್ಯರು ಮುಂದೆ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಿಂದ ಒಂದು ಪ್ರತಿ ತರಿಸಿದರು. ಅದು ಜೈನ ಪಂಡಿತರೊಬ್ಬರ ಓಲೆಯಿಂದ ಕಾಗದಕ್ಕೆ ಇಳಿಸಿದ್ದು, ಕನ್ನಡ ಲಿಪಿ, ಗ್ರಂಥ ಪೂರ್ತಿ, ಜತೆಗೆ ವಲ್ಲಭನೆಂಬಾತನ ಕನ್ನಡ ಟೀಕೆ. ತಪ್ಪುಗಳು ಬೇಕಾದಷ್ಟು, ಆದರೂ ಪೂರ್ತಿಯಾಗಿತ್ತಲ್ಲ! ಕಡೆಗೆ ಮೂಡಬಿದಿರೆಯ ಜೈನಮಠದ ಓಲೆಯಿಂದ ಇಳಿಸಿದ ಇನ್ನೊಂದು ಪೂರ್ಣ ಪ್ರತಿ ದೊರಕಿತು. ಅದೂ ಕನ್ನಡ ಲಿಪಿ. ಅದರಲ್ಲಿಯೂ ಲೆಕ್ಕಗಳ ಸಾರ ಮತ್ತು ಉತ್ತರಗಳು ಕನ್ನಡದಲ್ಲಿ. ಐದು ಪ್ರತಿಗಳಲ್ಲಿ ನಾಲ್ಕು ಕನ್ನಡದ ಅಕ್ಷರಗಳವು. ಗ್ರಂಥದ ಭಾಷೆ ಸಂಸ್ಕೃತವಾದರೂ ಅದನ್ನು ಹೊತ್ತು ತಂದ ಲಿಪಿ ನಮ್ಮದು.

ಆಗಿನ ನಕ್ಷೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಅಮೋಘವರ್ಷನ ರಾಜಧಾನಿಯಾದ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ೧೯೧೨ರಲ್ಲಿ ನಿಜಾಮರ ಹೈದರಾಬಾದಿನಲ್ಲಿತ್ತು. ಟೀಕೆಯಿದ್ದ ಪ್ರತಿ ಮೈಸೂರು ಮಹಾರಾಜರ ಸಂಸ್ಥಾನದಲ್ಲಿತ್ತು. ಮೂಡಬಿದಿರೆ ದಕ್ಷಿಣ ಕನ್ನಡದಲ್ಲಿ, ಎಂದರೆ ಮದರಾಸು ಪ್ರಾಂತದಲ್ಲಿ. ಈ ಮೂರೂ ಒಂದೇ ರಾಜ್ಯದೊಳಕ್ಕೆ ಬಂದದ್ದು ೧೯೫೬ರ ನವೆಂಬರ್ ೧ರಂದು. ಅದಕ್ಕೆ ನಲವತ್ತನಾಲ್ಕು ವರ್ಷ ಮುಂಚೆಯೇ ರಂಗಾಚಾರ್ಯರ ಮೇಜಿನ ಮೇಲೆ, ಕನ್ನಡನಾಡಿನ ಹೊರಗಿನ ಒಂದು ಊರಿನಲ್ಲಿ, ಹರಿದು ಹಂಚಿಹೋಗಿದ್ದ ಪುಸ್ತಕ ಕೂಡಿಕೊಂಡಿತು. ಅವರು ಮೂಲವನ್ನು ಶುದ್ಧಪಡಿಸಿ, ಇಂಗ್ಲಿಷಿಗೆ ಅನುವಾದಿಸಿ, ಟಿಪ್ಪಣಿಗಳನ್ನು ಬರೆದರು. ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. ಅಚ್ಚಾಗುವ ಮುನ್ನವೇ, ೧೯೦೮ರಲ್ಲಿ ರೋಮಿನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಈ ಗ್ರಂಥದ ವಿಚಾರವನ್ನು ವಿದ್ವಾಂಸರ ಮುಂದಿಟ್ಟಿದ್ದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ಸಭೆಗಳಲ್ಲಿ ಪೂರ್ವಿಕರ ಹೊಗಳಿಕೆ ಕೆಲವು ವೇಳೆ ಅಳತೆ ಮೀರುತ್ತದೆ. ಗಣಿತವೆಲ್ಲ ನಮ್ಮಲ್ಲಿಯೇ ಹುಟ್ಟಿತು, ಉಳಿದವರು ಕದ್ದರು ಎಂಬ ಧಾಟಿ. ಮಹಾವೀರನಿಗೆ ಅಂಥ ವಕಾಲತ್ತು ಬೇಡ. ಸ್ಥಾನಬೆಲೆಯ ಪದ್ಧತಿ ಅವನದಲ್ಲ. ಅವನಿಗೆ ಮುನ್ನೂರು ವರ್ಷ ಮುಂಚಿನ ಆರ್ಯಭಟನಿಗೂ ಅದು ಗೊತ್ತಿತ್ತು. ಸೊನ್ನೆಯ ವ್ಯವಹಾರದಲ್ಲಿ ಬ್ರಹ್ಮಗುಪ್ತನು ೬೨೮ರಲ್ಲಿಯೇ ನಿಯಮಗಳನ್ನು ಬರೆದಿದ್ದ. ಮಹಾವೀರನು ಅದೇ ಸೊನ್ನೆಯಲ್ಲಿ ಎಡವಿದ್ದಾನೆ: ಯಾವ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೂ ಅದು ಬದಲಾಗದೆ ಉಳಿಯುತ್ತದೆಂದು ಬರೆದಿದ್ದಾನೆ. ಅದು ತಪ್ಪು. ಇಂದಿನ ಕ್ಯಾಲ್ಕುಲೇಟರೂ ಆ ಲೆಕ್ಕವನ್ನು ಒಪ್ಪದೆ ತಪ್ಪೆಂದು ತೋರಿಸುತ್ತದೆ. ಆದರೆ ಅವನ ಹೆಗ್ಗಳಿಕೆಗಳೂ ಕಡಮೆಯಲ್ಲ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ತಿಳಿಯಾಗಿ ಹೇಳಿದ. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ, ಇಂದು ಕಾಲೇಜಿನಲ್ಲಿ ಕಲಿಸುವ ಸಾಮಾನ್ಯ ನಿಯಮವನ್ನೇ ಕೊಟ್ಟ. ಜಮಾ ಖರ್ಚು ಎರಡನ್ನೂ ಬರೆದರೇನೇ ಲೆಕ್ಕ ಲೆಕ್ಕವಾಗುವುದು. ಎರಡನ್ನೂ ಬರೆದ ಮೇಲೂ ಮಹಾವೀರನ ಖಾತೆಯಲ್ಲಿ ಉಳಿಯುವ ಬಾಕಿ ದೊಡ್ಡದು.

ಅವನ ಪುಸ್ತಕ ನೆರೆಹೊರೆಗೂ ಹೋಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಬರೆದ; ಅವನೂ ಜೈನನೇ. ಆಮೇಲೆ ಬಹುಕಾಲ ಇದು ಮಠಗಳ ಓಲೆಗಂಟುಗಳಲ್ಲಿ ಉಳಿಯಿತು. ೧೯೬೩ರಲ್ಲಿ ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದ ಸೊಲ್ಲಾಪುರದಿಂದ ಪ್ರಕಟವಾಯಿತು. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಜೈನಮಠದಿಂದ ಹೊರಬಂತು.

ಮನೆಗಳಲ್ಲಿ ನಾನು ಕಂಡ ಒಂದು ಸಂಗತಿ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ. ಕೆಲವರು ಭಾನುವಾರದ ತರಗತಿಗೆ ಹೋಗಿ ಅಕ್ಷರವನ್ನೂ ಕಲಿಯುತ್ತಾರೆ. ಆದರೆ ಅಂಕಿಗಳಿಗೆ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಊರಿಗೆ ಹೋದಾಗ ಬಸ್ಸಿನ ಮೇಲಿನ ೭ನ್ನು ಆರೆನ್ನುತ್ತಾರೆ, ೬ನ್ನು ಏಳೆನ್ನುತ್ತಾರೆ. ಅವರನ್ನು ಗದರಿಸಿ ಫಲವಿಲ್ಲ. ಊರಿನಲ್ಲಿಯೇ ಎಷ್ಟೋ ಮಂದಿಗೆ ಈ ಕಷ್ಟವಿದೆ. ಮೇಲೆ ಬರೆದ ಲೆಕ್ಕಗಳನ್ನು ನಾನು ಕನ್ನಡದ ಅಂಕಿಗಳಲ್ಲಿಯೇ ಕೊಟ್ಟದ್ದಕ್ಕೆ ಇದೂ ಒಂದು ಕಾರಣ. ಮೂಡಬಿದಿರೆಯ ಓಲೆಯಲ್ಲಿ ಯಾರೋ ಮೇಷ್ಟರು ಮಾಡಿದ ಕೆಲಸ ಇಷ್ಟೇ ಅಲ್ಲವೆ?

ಸರಗಳಲ್ಲಿ ಒಂದನ್ನು ಪಟ್ಟಿಯಲ್ಲಿ ಸೇರಿಸದೆ ಉಳಿಸಿಕೊಂಡಿದ್ದೆ. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಬೇಕು. ಫೋನಿನ ಕ್ಯಾಲ್ಕುಲೇಟರನ್ನು ಬದಿಗಿಟ್ಟು, ಕಾಗದದ ಮೇಲೆ, ಕನ್ನಡದ ಅಂಕಿಗಳಲ್ಲಿ ಮಾಡಲು ಮಕ್ಕಳಿಗೆ ಹೇಳಿ. ಎರಡೇ ಸಾಲಿನ ಗುಣಾಕಾರ; ಹತ್ತು ನಿಮಿಷವೂ ಬೇಡ. ಉತ್ತರ ಬಂದ ಮೇಲೆ ಅದನ್ನು ಎರಡು ಕಡೆಯಿಂದಲೂ ಓದಲಿ.